ಪರದೆಯ ನಡುವಿಗೆ ಬಂದ ಚುಕ್ಕೆ

ಇದನ್ನು ನಂಬಿ ಎಂದು ನಾನು ಯಾರ ಮುಂದೆಯೂ ಕೈಮುಗಿಯುವುದಿಲ್ಲ. ಕತೆ ಕಟ್ಟುವ ಆಸೆ ಇದ್ದಿದ್ದರೆ ಸಮುದ್ರದ ಮೇಲೆ ಕಟ್ಟುತ್ತಿದ್ದೆ. ಹಡಗು, ಅಲೆ, ಬಿರುಗಾಳಿ ಎಲ್ಲ ಸಲೀಸಾಗಿ ಸಿಗುತ್ತಿದ್ದವು. ಹರಿಹರದ ಹೊಳೆಯಲ್ಲಿ ಬೋಟಿನ ರೇಡಾರ್ ಇಟ್ಟುಕೊಂಡು ಕೂತಿದ್ದೆ ಎಂದರೆ ಮೊದಲ ಮಾತಿಗೇ ಜನ ನಗುತ್ತಾರೆ. ನಗಲಿ. ನಡೆದದ್ದು ಅಲ್ಲೇ, ನಡೆದದ್ದು ಹಾಗೇ.

ಮೀನುಗಾರಿಕೆ ಬೋಟುಗಳ ರೇಡಾರ್ ರಿಪೇರಿ ನನ್ನ ಕಸುಬು. ಬಹಳ ವರ್ಷ ಕರಾವಳಿಯ ಬಂದರುಗಳಲ್ಲಿ ಆ ಕೆಲಸ ಮಾಡಿದೆ. ಆಮೇಲೆ ಉಪ್ಪುಗಾಳಿ ಸಾಕಾಗಿ ಹೆಂಡತಿಯ ತವರು ಬಾತಿಗೆ ಬಂದು ನೆಲೆಯಾದೆ, ಕರೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ ಹಿಡಿದೆ. ಕೆಟ್ಟ ರೇಡಾರುಗಳು ಲಾರಿಯಲ್ಲಿ ಬರುತ್ತವೆ, ರಿಪೇರಿಯಾಗಿ ಲಾರಿಯಲ್ಲೇ ಹೋಗುತ್ತವೆ. ಪಕ್ಕದ ಲೇತ್ ಶೆಡ್ಡಿನವರಿಗೆ ಇದು ದಿನವೂ ತಮಾಷೆ. ‘ಬೆಣ್ಣೆದೋಸೆ ಊರಾಗೆ ಬಂಗಡೆ ಹುಡುಕಾಕೆ ಬಂದಾನ’ ಎಂದು ಆಡಿಕೊಳ್ಳುತ್ತಿದ್ದರು.

ರೇಡಾರ್ ರಿಪೇರಿ ಮಾಡಿದರೆ ಸಾಲದು, ನೀರಿನ ಮೇಲೆ ಪರೀಕ್ಷಿಸಬೇಕು. ಅದಕ್ಕೆ ನನಗೆ ಸಿಕ್ಕವರು ಹರಿಹರದ ಅಂಬಿಗರ ಮನೆಯ ಅಣ್ಣತಮ್ಮಂದಿರು, ಹನುಮಂತಣ್ಣ ಮತ್ತು ನಿಂಗಪ್ಪ. ಹನುಮಂತಣ್ಣನಿಗೆ ಒಂದು ಫೈಬರ್ ದೋಣಿ ಇತ್ತು. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ತಮ್ಮ ನಿಂಗಪ್ಪ ತದ್ವಿರುದ್ಧ, ಬಾಯಿಗೆ ಬೀಗವೇ ಇಲ್ಲ. ಅವನದೊಂದು ತೆಪ್ಪ: ಬಿದಿರಿನ ದುಂಡನೆಯ ಬುಟ್ಟಿ, ತಳಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಮೇಲೆ ಡಾಂಬರು ಬಳಿದದ್ದು. ಆ ಡಾಂಬರಿನ ವಾಸನೆ ನಿಂಗಪ್ಪನ ಮೈಗೇ ಅಂಟಿಕೊಂಡಿತ್ತು. ಅವನು ಬಂದರೆ ವಾಸನೆ ಮೊದಲು ಬರುತ್ತಿತ್ತು, ಮಾತು ಆಮೇಲೆ.

ಬಿದಿರು, ಪ್ಲಾಸ್ಟಿಕ್ಕು, ಮನುಷ್ಯ, ಇವು ರೇಡಾರಿಗೆ ಸರಿಯಾಗಿ ಕಾಣುವುದಿಲ್ಲ. ಲೋಹ ಬೇಕು. ಹಾಗಾಗಿ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಒಂದಕ್ಕೊಂದು ಅಡ್ಡ ಜೋಡಿಸಿ, ಉದ್ದ ಗಳಕ್ಕೆ ಕಟ್ಟಿ ತೆಪ್ಪದ ನಡುವೆ ನಿಲ್ಲಿಸಿದ್ದೆ. ಅದನ್ನು ನಿಂಗಪ್ಪ ‘ನನ್ನ ಛತ್ರಿ’ ಎನ್ನುತ್ತಿದ್ದ. ನಮ್ಮ ದೋಣಿ ಹೊಳೆಯ ನಡುವೆ ಲಂಗರು ಹಾಕಿ ನಿಲ್ಲುವುದು, ಅವನು ತೆಪ್ಪ ತೆಗೆದುಕೊಂಡು ಮೇಲಕ್ಕೆ ಹೋಗಿ ನಿಧಾನಕ್ಕೆ ತೇಲಿಕೊಂಡು ಬರುವುದು, ನಾನು ಪರದೆಯ ಮೇಲೆ ಅವನ ಚುಕ್ಕೆ ನೋಡುವುದು. ದೂರದಿಂದಲೇ ಕೂಗುತ್ತಿದ್ದ: “ಸರ, ಕಾಣ್ತೀನೇನ್ರಿ?”

“ಕಾಣ್ತೀಯ, ಬಾರಪ್ಪ” ಎಂದು ನಾನು ಕೂಗಬೇಕು. ಕೂಗದಿದ್ದರೆ ಬಿಡುತ್ತಿರಲಿಲ್ಲ. ಕತ್ತಲಾದ ಮೇಲೆ ಮಾತ್ರ ಅವನು ಕೂಗುತ್ತಿರಲಿಲ್ಲ. ಹುಟ್ಟಿನ ಹಿಡಿಯಿಂದ ಆ ತಗಡಿಗೆ ಎರಡು ಏಟು ಹಾಕುತ್ತಿದ್ದ. ಟಣ್... ಟಣ್. ಯಾಕೆ ಎಂದು ನಾನು ಕೇಳಿರಲಿಲ್ಲ.

ಅವರ ಮನೆ ಹೊಳೆಗೆ ಇಳಿಯುವ ಘಾಟಿನ ಮೆಟ್ಟಿಲ ಮೇಲೆಯೇ ಇದೆ. ಆ ಮನೆಯಲ್ಲಿ ಒಂದು ಪದ್ಧತಿ. ಕತ್ತಲಾದ ಮೇಲೆ ಹೊಳೆಯಿಂದ ಬಂದವರು ಯಾರೇ ಇರಲಿ, ನೇರ ಒಳಗೆ ಹೋಗುವಂತಿಲ್ಲ. ಹೊಸ್ತಿಲಾಚೆ ಒಂದು ಚಪ್ಪಡಿ ಕಲ್ಲಿದೆ. ಅದರ ಮೇಲೆ ನಿಲ್ಲಬೇಕು, ಮನೆಯ ಹೆಣ್ಣುಮಗಳು ಕಾಲಿಗೆ ಒಂದು ತಂಬಿಗೆ ಬಿಸಿನೀರು ಹಾಕಬೇಕು. ನೀರು ಬಿದ್ದವರು ಒಳಗೆ, ಬೀಳದವರು ಹೊರಗೆ. ನಿಂಗಪ್ಪನ ಹೆಂಡತಿ ಮಂಜವ್ವ ನನಗೂ ಹಾಗೆ ಎಷ್ಟೋ ಸಲ ನೀರು ಹಾಕಿದ್ದಾಳೆ. ದಣಿದ ಕಾಲಿಗೆ ಹಿತವಾಗಿರುತ್ತಿತ್ತು, ಅಷ್ಟೇ ಅಂದುಕೊಂಡಿದ್ದೆ.

ಇನ್ನು ಆ ರಾತ್ರಿಯ ವಿಷಯ.

ಮಳೆಗಾಲದಲ್ಲಿ ಸಮುದ್ರದ ಮೀನುಗಾರಿಕೆ ನಿಂತಿರುತ್ತದೆ. ಬೋಟುಗಳು ದಡದಲ್ಲಿ, ಅವುಗಳ ರೇಡಾರುಗಳು ನನ್ನ ಶೆಡ್ಡಿನಲ್ಲಿ. ಋತು ಶುರುವಾಗುವ ಮುಂಚೆ ಎಲ್ಲ ಸಿದ್ಧವಾಗಬೇಕು. ಅವತ್ತು ತಂದದ್ದು ಒಂದು ಒಳ್ಳೆಯ ಸೆಟ್ಟು. ಕಡುಬಿನ ಪಾತ್ರೆಯ ಮುಚ್ಚಳದಂಥ ಬಿಳಿ ಗುಮ್ಮಟ, ಅದರೊಳಗೆ ತಿರುಗುವ ಆಂಟೆನಾ, ಕೆಳಗೆ ಪರದೆ. ಪರದೆಯ ನಟ್ಟನಡುವೆ ನಾವು. ಸುತ್ತ ಏನಿದೆಯೋ ಅದೆಲ್ಲ ಚುಕ್ಕೆ, ಗೆರೆ. ಸೇತುವೆಯ ಕಂಬಗಳು ಒಂದು ಸಾಲಿನಲ್ಲಿ, ದಡಗಳು ಎರಡು ದಪ್ಪ ಪಟ್ಟಿ.

ಮೂರು ಗುಂಡಿಗಳಲ್ಲಿ ಇದರ ಜೀವ. ಒಂದು, ಯಂತ್ರದ ಕಿವಿ ಎಷ್ಟು ಚುರುಕಾಗಿರಬೇಕು ಎನ್ನುವುದಕ್ಕೆ. ಇನ್ನೊಂದು, ಹತ್ತಿರದ ಅಲೆಗಳ ಗದ್ದಲ ಅಳಿಸುವುದಕ್ಕೆ. ಮೂರನೆಯದು, ಮಳೆಯ ಗದ್ದಲ ಅಳಿಸುವುದಕ್ಕೆ. ಈ ಮೂರನೆಯದನ್ನು ಪರೀಕ್ಷಿಸಲು ಮಳೆಯೇ ಬೇಕು. ಹಾಗಾಗಿ ಪಡುವಣದಲ್ಲಿ ಮೋಡ ಕಪ್ಪಾಗಿದ್ದು ನೋಡಿ ಖುಷಿಪಟ್ಟವನು ನಾನೊಬ್ಬನೇ.

ಹೊತ್ತು ಮುಳುಗುತ್ತಿತ್ತು. ನೀರಿನ ಬಣ್ಣ ಮಧ್ಯಾಹ್ನಕ್ಕಿಂತ ಕೆಂಪಾಗಿತ್ತು. ಮೇಲೆ ಎಲ್ಲೋ ನೀರು ಬಿಟ್ಟಿದ್ದಾರೆ, ಇವತ್ತಿಗೆ ಸಾಕು ಎಂದು ಹನುಮಂತಣ್ಣ ಹೇಳಿದ. ನಿಂಗಪ್ಪ ನಕ್ಕ. ಮಳೆಯಲ್ಲಿ ಒಂದು ಸುತ್ತು ಹಾಕಿಬಿಟ್ಟರೆ ಸರ್ ಮತ್ತೆ ಬರುವುದು ತಪ್ಪುತ್ತದೆ ಎಂದ. ಅಂಗಿ ಬಿಚ್ಚಿ, ಫೋನು ಅದರಲ್ಲಿ ಸುತ್ತಿ ನನ್ನ ಚೀಲಕ್ಕೆ ತುರುಕಿ, ಛತ್ರಿ ನೆಟ್ಟುಕೊಂಡು ಹೊರಟ. ನಾನೂ ತಡೆಯಲಿಲ್ಲ.

ಅವನ ಚುಕ್ಕೆ ಚೆನ್ನಾಗಿ ಮೇಲಕ್ಕೆ ಹೋಯಿತು. ತಿರುವಿನ ಹತ್ತಿರ, ನಡುಗಡ್ಡೆಯ ಪಕ್ಕದಲ್ಲಿ ನಿಂತಿತು. ಆಗ ಮಳೆ ಬಂತು.

ಮಳೆ ಅಂದರೆ ಅಂಥಿಂಥ ಮಳೆಯಲ್ಲ. ದೋಣಿಯ ಮುಂದಿನ ತುದಿ ನನಗೆ ಕಾಣಲಿಲ್ಲ. ಪರದೆಯ ಮೇಲೆ ಮೊದಲು ಒಂದು ಮೂಲೆ ಬೆಳ್ಳಗಾಯಿತು, ಆಮೇಲೆ ಇಡೀ ಪರದೆ. ಹಿಂದೆ ಈ ಕಡೆಯ ಮಿಲ್ಲುಗಳಲ್ಲಿ ಹತ್ತಿ ಹಾರುತ್ತಿತ್ತಲ್ಲ, ಹಾಗೆ. ಆ ಹತ್ತಿಯೊಳಗೆ ಎಲ್ಲೋ ನಿಂಗಪ್ಪನ ಚುಕ್ಕೆ.

ಮೂರನೇ ಗುಂಡಿ ತಿರುಗಿಸಿದೆ. ಮಳೆ ಮಾಸಿತು, ಜೊತೆಗೆ ಚುಕ್ಕೆಯೂ ಮಾಸಿತು. ಹಿಂದಕ್ಕೆ ತಿರುಗಿಸಿದೆ, ಮತ್ತೆ ಹತ್ತಿ. ಈ ಕಸುಬಿನ ಸಂಕಟವೇ ಇದು. ಗದ್ದಲ ಅಳಿಸಲು ಹೋದರೆ ಬೇಕಾದದ್ದೂ ಅಳಿಸಿಹೋಗುತ್ತದೆ. ಬೇಕಾದದ್ದನ್ನು ಉಳಿಸಲು ಹೋದರೆ ಅದು ಗದ್ದಲದಲ್ಲಿ ಮುಳುಗುತ್ತದೆ. ನಡುವೆ ಎಲ್ಲೋ ಕೂದಲೆಳೆಯಷ್ಟು ಜಾಗ ಇರುತ್ತದೆ. ಆ ಜಾಗವನ್ನು ನನ್ನ ಬೆರಳು ಬಲ್ಲದು ಎಂಬ ಜಂಬ ನನಗಿತ್ತು. ಅವತ್ತು ಬೆರಳಿಗೆ ಅದು ಸಿಗಲೇ ಇಲ್ಲ.

ಮಳೆ ನಿಂತಾಗ ಕತ್ತಲೆ ಪೂರ್ತಿ ಇಳಿದಿತ್ತು. ಪರದೆ ತೊಳೆದಿಟ್ಟಂತಾಯಿತು. ಸೇತುವೆ ಇತ್ತು. ದಡಗಳಿದ್ದವು. ನಡುಗಡ್ಡೆ ಅರ್ಧ ಮುಳುಗಿ ಸಣ್ಣದಾಗಿ ಕಾಣುತ್ತಿತ್ತು.

ನಿಂಗಪ್ಪ ಇರಲಿಲ್ಲ.

ನಾನು ಮೂರೂ ಗುಂಡಿಗಳನ್ನು ತಿರುಗಿಸಿದೆ, ರೇಂಜ್ ಹಿಗ್ಗಿಸಿದೆ, ಕುಗ್ಗಿಸಿದೆ. ಹನುಮಂತಣ್ಣ ನನ್ನ ಮುಖ ನೋಡುತ್ತಿದ್ದ. ಅವನಿಗೆ ಪರದೆ ಓದಲು ಬಾರದು, ಮುಖ ಓದಲು ಬರುತ್ತದೆ. ಲಂಗರು ಎತ್ತಿ ಎಂಜಿನ್ ಹಚ್ಚಿದ.

ಹುಡುಕಿದೆವು. ಟಾರ್ಚ್ ಬಿಟ್ಟಲ್ಲೆಲ್ಲ ಕೆಂಪು ನೀರು, ಮರದ ಕೊಂಬೆ, ನೊರೆ. ನಡುಗಡ್ಡೆಯ ಹತ್ತಿರ ಹೋಗಲು ಸೆಳೆತ ಬಿಡಲಿಲ್ಲ, ಎರಡು ಸಲ ದೋಣಿಯೇ ಮಗುಚಿಕೊಳ್ಳುವ ಹಾಗಾಯಿತು. ಘಾಟಿನವರಿಗೆ ಫೋನ್ ಮಾಡಿದೆ. ಆ ನೀರಿಗೆ ಬೇರೆ ತೆಪ್ಪ ಇಳಿಸುವಂತಿರಲಿಲ್ಲ. ಗಂಡಸರೆಲ್ಲ ಬ್ಯಾಟರಿ ಹಿಡಿದು ದಡದಗುಂಟ ಕೆಳಕ್ಕೆ ಹೊರಟರು. ದೂರದಿಂದ ಆ ಬೆಳಕುಗಳು ಮಿಣಮಿಣ ಕಾಣುತ್ತಿದ್ದವು, ಅಲ್ಲಿಂದ ಯಾವ ಕೂಗೂ ಬರುತ್ತಿರಲಿಲ್ಲ.

ಹನುಮಂತಣ್ಣ ನಡುನಡುವೆ ಎಂಜಿನ್ ನಿಲ್ಲಿಸಿ ಹುಟ್ಟಿನಿಂದ ದೋಣಿಯ ಅಂಚಿಗೆ ಎರಡು ಏಟು ಹಾಕುತ್ತಿದ್ದ. ಕಿವಿಗೊಟ್ಟು ಕಾಯುತ್ತಿದ್ದ. ಅಷ್ಟು ಮೆಲ್ಲಗೆ ಬಡಿದರೆ ಯಾರಿಗೆ ಕೇಳಿಸುತ್ತದೆ? ನನಗೆ ತಡೆಯಲಾಗಲಿಲ್ಲ. ನಿಂಗಪ್ಪನ ಹೆಸರು ಕೂಗಲು ಬಾಯಿ ತೆರೆದೆ. ಅವನು ಒದ್ದೆ ಅಂಗೈಯಿಂದ ನನ್ನ ಬಾಯಿ ಮುಚ್ಚಿದ.

“ಬ್ಯಾಡ್ರಿ ಸರ. ಕತ್ತಲಾದ ಮ್ಯಾಲೆ ಹೊಳಿಯಾಗೆ ಹೆಸರಿಟ್ಟು ಕರೀಬಾರದು. ಓ ಅನ್ನೋದು ಅವನೇ ಅಂತ ಹೆಂಗೆ ಹೇಳ್ತೀರಿ?”

ಬೇರೆ ದಿನವಾಗಿದ್ದರೆ ವಾದಕ್ಕೆ ಇಳಿಯುತ್ತಿದ್ದೆ. ನಿಂಗಪ್ಪ ರಾತ್ರಿ ತಗಡು ಬಡಿಯುತ್ತಿದ್ದದ್ದು ಯಾಕೆಂದು ಆಗ ಗೊತ್ತಾಯಿತು.

ಓಡಾಡುವ ದೋಣಿಯಲ್ಲಿ ಪರದೆ ಕಲಸಿಹೋಗುತ್ತದೆ, ಸಣ್ಣದು ಕಾಣುವುದಿಲ್ಲ. ನಿಂತು ನೋಡುವುದೇ ವಾಸಿ ಎಂದೆ. ಹನುಮಂತಣ್ಣ ಮೊದಲಿದ್ದ ಜಾಗದಲ್ಲೇ ಲಂಗರು ಹಾಕಿದ. ರೇಡಾರಿನಲ್ಲಿ ಇನ್ನೊಂದು ಅನುಕೂಲ ಇದೆ, ಚಲಿಸುವ ವಸ್ತು ಹಿಂದೆ ಮಸುಕಾದ ಜಾಡು ಬಿಡುವಂತೆ ಮಾಡಬಹುದು. ಅದನ್ನು ಹಾಕಿದೆ. ನಂತರ ಕೈಕಟ್ಟಿ ಕೂತೆ. ಮಾಡುವುದಕ್ಕೆ ಮತ್ತೇನೂ ಉಳಿದಿರಲಿಲ್ಲ. ಹೊಳೆಯ ಸದ್ದು, ತಲೆಯ ಮೇಲೆ ಆಂಟೆನಾ ತಿರುಗುವ ಸಣ್ಣ ಗುಂಯ್... ಅಷ್ಟೇ. ಅಷ್ಟೊಂದು ಅಸಹಾಯಕನಾಗಿ ನಾನು ಜೀವನದಲ್ಲಿ ಕೂತಿರಲಿಲ್ಲ. ನೋಡುವ ಯಂತ್ರ ಮುಂದಿದ್ದೂ ನೋಡಬೇಕಾದ್ದು ಕಾಣುತ್ತಿಲ್ಲ.

ಎಷ್ಟು ಹೊತ್ತಾಯಿತೋ... ನಡುಗಡ್ಡೆಯ ಪಕ್ಕದಲ್ಲಿ ಒಂದು ಚುಕ್ಕೆ ಮೂಡಿತು.

ಉಸಿರು ಹಿಡಿದು ನೋಡಿದೆ. ಒಂದು ಸುತ್ತಿಗೆ ಬಂದು ಮುಂದಿನ ಸುತ್ತಿಗೆ ಹೋಗುವ ಸುಳ್ಳು ಚುಕ್ಕೆಗಳು ಬೇಕಾದಷ್ಟು ಇರುತ್ತವೆ. ಇದು ಹೋಗಲಿಲ್ಲ. ಪ್ರತಿ ಸುತ್ತಿಗೂ ಅದೇ ಹೊಳಪು. ತಗಡಿನ ಛತ್ರಿಗೆ ಇರುವ ಹೊಳಪು. ಅದು ನಮ್ಮ ಕಡೆ ಹೊರಟಿತು.

“ಬರ್ತಿದ್ದಾನೆ, ಹನುಮಂತಣ್ಣ” ಎಂದೆ. ಕಣ್ಣಲ್ಲಿ ನೀರು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಹನುಮಂತಣ್ಣ ಪರದೆಗೆ ಬಗ್ಗಿ ನೋಡಿದ, ನಾನು ಬೆರಳಿಟ್ಟು ತೋರಿಸಿದೆ. ಹಿಂದೆ ಹಸಿರು ಜಾಡು ಉದ್ದವಾಗುತ್ತಿತ್ತು.

ಜಾಡು ನೋಡಿ ಅವನ ಮುಖ ಬದಲಾಯಿತು. ನನಗೂ ನಿಧಾನಕ್ಕೆ ತಿಳಿಯಿತು. ಆ ತಿರುವಿನಲ್ಲಿ ಹೊಳೆಯ ಸೆಳೆತ ಎಡದಿಂದ ಬಲಕ್ಕೆ, ಆಚೆ ದಡದ ಕಡೆ ಎಳೆಯುತ್ತಿತ್ತು, ಹೆಮ್ಮರದ ದಿಮ್ಮಿಯೂ ಆ ನೀರಲ್ಲಿ ಓರೆಯಾಗಿ ಹೋಗುತ್ತಿತ್ತು. ಈ ಜಾಡು ಮಾತ್ರ ದಾರ ಹಿಡಿದು ಎಳೆದಂತೆ ನೇರ. ವೇಗ, ಮನುಷ್ಯ ನೆಲದ ಮೇಲೆ ನಡೆದು ಬರುವಷ್ಟು.

ಟಾರ್ಚ್ ಹಿಡಿದೆ. ಬೆಳಕು ಮುಟ್ಟುವಷ್ಟು ಹತ್ತಿರ ಬಂದಿತ್ತು, ಪರದೆ ಹಾಗೆ ಹೇಳುತ್ತಿತ್ತು. ಬೆಳಕಿನಲ್ಲಿ ನೀರು ಬಿಟ್ಟರೆ ಏನೂ ಇಲ್ಲ.

ಇನ್ನೂ ಹತ್ತಿರ.

ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ರೇಡಾರಿನದೂ ಅದೇ ಹಣೆಬರಹ. ತೀರ ಹತ್ತಿರ ಬಂದದ್ದು ಅದಕ್ಕೆ ಕಾಣುವುದಿಲ್ಲ. ಚುಕ್ಕೆ ಪರದೆಯ ನಡುವಿನ ಆ ಕುರುಡು ಜಾಗಕ್ಕೆ ಬಂದು ಸೇರಿಕೊಂಡಿತು. ಹಾದುಹೋಗುವ ವಸ್ತುವಾದರೆ ಆಚೆ ಕಡೆಯಿಂದ ಹೊರಬರಬೇಕು. ನಾನು ಆಚೆ ಕಡೆ ನೋಡುತ್ತ ಕೂತೆ. ಒಂದು ಸುತ್ತು... ಎರಡು ಸುತ್ತು...

ಟಣ್... ಟಣ್.

ಪಕ್ಕದಲ್ಲೇ. ಎಡಗಡೆ ಅಂಚಿನ ಕೆಳಗೇ. ಮಳೆ ಕುಡಿದ ತಗಡಿನ ಸದ್ದು, ಸ್ವಲ್ಪ ಮೊಂಡಾಗಿತ್ತು, ಆದರೆ ಅದೇ. ಆಮೇಲೆ ದೋಣಿಯ ಎಡಮಗ್ಗುಲು ನಿಧಾನಕ್ಕೆ ಕೆಳಗಿಳಿಯಿತು. ಯಾರಾದರೂ ಅಂಚು ಹಿಡಿದು ಹತ್ತುವಾಗ ಇಳಿಯುತ್ತದಲ್ಲ, ಹಾಗೆ. ಮತ್ತೆ ಸಮವಾಯಿತು. ಪೂರ್ತಿ ಸಮವಾಗಲಿಲ್ಲ, ಹಿಂಭಾಗ ತುಸು ತಗ್ಗಿಯೇ ಉಳಿಯಿತು. ಡಾಂಬರಿನ ವಾಸನೆ ಗಪ್ಪನೆ ಬಂತು.

ನಾನು ಹಿಂದಕ್ಕೆ ತಿರುಗಲು ಹೋದೆ. ಹನುಮಂತಣ್ಣ ನನ್ನ ಹೆಗಲು ಒತ್ತಿ ಹಿಡಿದ. “ನೋಡಬ್ಯಾಡ್ರಿ” ಎಂದ. ಅಷ್ಟೇ ಮೆಲ್ಲಗೆ, ನನ್ನ ತಲೆಯ ಮೇಲಿಂದ, ಹಿಂದಿನ ಕತ್ತಲೆಗೆ ಹೇಳಿದ:

“ಕುಂದ್ರಪ. ಮನಿಗೆ ಹೋಗಣ.”

ಹೆಸರು ಹೇಳಲಿಲ್ಲ.

ಎಂಜಿನ್ ಹಚ್ಚಲಿಲ್ಲ. ಲಂಗರು ಎತ್ತಿ, ಹುಟ್ಟು ಹಾಕುತ್ತ, ಘಾಟಿನ ಕಡೆ ತೇಲಿಸಿದ. ನಾನು ಮುಂದೆ ಮುಖ ಮಾಡಿ ಪರದೆಯನ್ನೇ ನೋಡುತ್ತ ಕೂತೆ. ದಾರಿಯುದ್ದಕ್ಕೂ ಕಾದೆ, ಆ ಚುಕ್ಕೆ ನಡುವಿನಿಂದ ಹೊರಬೀಳಲಿ ಎಂದು ಬೇಡಿಕೊಂಡೆ. ಹೊರಬೀಳಲಿಲ್ಲ.

ಘಾಟಿನಲ್ಲಿ ಯಾರೂ ಇರಲಿಲ್ಲ, ಎಲ್ಲರೂ ದಡ ಹಿಡಿದು ಹೋಗಿದ್ದರು. ಮೆಟ್ಟಿಲ ಮೇಲೆ ಮನೆಯ ಬಾಗಿಲು ತೆರೆದಿತ್ತು. ಮಂಜವ್ವ ಹೊಸ್ತಿಲಲ್ಲಿ ನಿಂತಿದ್ದಳು, ಪಕ್ಕದಲ್ಲಿ ಹಬೆಯಾಡುವ ಬಕೆಟ್ಟು, ಕೈಯಲ್ಲಿ ತಂಬಿಗೆ.

ಹನುಮಂತಣ್ಣ ಚಪ್ಪಡಿ ಕಲ್ಲಿನ ಮೇಲೆ ನಿಂತ. ಅವನ ಕಾಲಿಗೆ ನೀರು ಹಾಕಿದಳು. ಅವನು ಹೊಸ್ತಿಲ ಪಕ್ಕ ಸರಿದ. ನಾನು ನಿಂತೆ, ನನಗೂ ಹಾಕಿದಳು. ಬಿಸಿನೀರು ಬಿದ್ದಾಗಲೇ ನನ್ನ ಕಾಲುಗಳು ಎಷ್ಟು ಮರಗಟ್ಟಿದ್ದವು ಎಂದು ಗೊತ್ತಾದದ್ದು. ನಾನೂ ಸರಿದೆ.

ಅವಳು ಮತ್ತೆ ತಂಬಿಗೆ ತುಂಬಿಕೊಂಡಳು.

ಕಲ್ಲಿನ ಮೇಲೆ ಯಾರೂ ಇರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಒಳಗಿನ ಬಲ್ಬಿನ ಬೆಳಕು ಪೂರ್ತಿ ಅದರ ಮೇಲೆ ಬಿದ್ದಿತ್ತು. ಆ ಖಾಲಿ ಕಲ್ಲಿಗೆ ಅವಳು ಬಗ್ಗಿದಳು, ಎರಡು ಪಾದ ಎಲ್ಲಿರುತ್ತವೋ ಅಲ್ಲಿಗೇ ನೋಡುತ್ತ ತಂಬಿಗೆ ಓರೆ ಮಾಡಿದಳು. ಡಾಂಬರಿನ ವಾಸನೆ ನನ್ನ ಮೂಗಿಗೆ ಹೊಡೆಯಿತು. ಹನುಮಂತಣ್ಣ ಮುಂದೆ ಬಂದು ಅವಳ ಮುಂಗೈ ಹಿಡಿದ.

“ಬ್ಯಾಡವ್ವ.”

ಮಂಜವ್ವ ತಲೆ ಎತ್ತಲಿಲ್ಲ. “ಕಾಲು ತಣ್ಣಗಾಗ್ಯಾವ, ಭಾವ” ಎಂದಳು.

ತಮ್ಮನನ್ನು ಮನೆಗೆ ಹೋಗಣ ಎಂದು ಕರೆತಂದವನೇ ಅವನು. ಆದರೂ ಅವಳ ಕೈ ಬಿಡಲಿಲ್ಲ. ಬಾಗಿಲೊಳಗೆ ನೋಡಿದ. ಒಂದೇ ಕೌದಿಯಲ್ಲಿ ನಿಂಗಪ್ಪನ ಇಬ್ಬರು ಮಕ್ಕಳು ಮಲಗಿದ್ದರು, ಒಂದರ ಕಾಲು ಇನ್ನೊಂದರ ಹೊಟ್ಟೆಯ ಮೇಲೆ.

“ಒಳಗ ಮಕ್ಕಳು ಮಲಗ್ಯಾವ” ಎಂದ.

ಅವಳು ಬಹಳ ಹೊತ್ತು ಹಾಗೇ ಬಗ್ಗಿ ನಿಂತಿದ್ದಳು. ಆಮೇಲೆ ತಂಬಿಗೆಯ ನೀರನ್ನು ನಿಧಾನವಾಗಿ, ಸದ್ದಾಗದಂತೆ, ಬಕೆಟ್ಟಿಗೇ ಸುರಿದಳು. ಅಳಲಿಲ್ಲ. ಕಲ್ಲಿನ ಮೇಲಿನ ಆ ಖಾಲಿ ಜಾಗವನ್ನು ಒಮ್ಮೆ ನೋಡಿ ಒಳಗೆ ಹೋದಳು. ಹನುಮಂತಣ್ಣ ಬಾಗಿಲು ಹಾಕಿ, ಹೊರಗೆ ಹೊಸ್ತಿಲಿಗೆ ಬೆನ್ನು ಕೊಟ್ಟು ಕೂತುಬಿಟ್ಟ. ಬೆಳಗಾಗುವವರೆಗೆ ಅಲ್ಲಿಂದ ಏಳಲಿಲ್ಲ.

ನಾನು ಹೋಗಿ ದೋಣಿಯಲ್ಲಿದ್ದ ರೇಡಾರಿನ ಬ್ಯಾಟರಿ ತೆಗೆಯಬೇಕಿತ್ತು. ತೆಗೆಯುವ ಮುಂಚೆ ಪರದೆಯ ಫೋಟೋ ಹೊಡೆದುಕೊಂಡೆ. ನಾವು ತೇಲಿ ಬಂದದ್ದರಿಂದ ಎಲ್ಲವೂ ತುಸು ಎಳೆದಂತಾಗಿತ್ತು, ಆದರೂ ಆ ಹಸಿರು ಜಾಡಿನ ಆರಂಭ ಎಲ್ಲಿ ಎಂದು ತಿಳಿಯುತ್ತಿತ್ತು. ನಡುಗಡ್ಡೆಯ ಕೆಳತುದಿ, ಜಾಲಿಗಿಡಗಳ ಗುಂಪು ಇರುವ ಜಾಗ.

ಬೆಳಗ್ಗೆ ನೀರು ಇಳಿದಿತ್ತು. ಅಲ್ಲೇ ಸಿಕ್ಕ.

ತೆಪ್ಪ ಬೋರಲಾಗಿ ಮುಳುಗಿದ ಜಾಲಿಯೊಳಗೆ ಸಿಕ್ಕಿಕೊಂಡಿತ್ತು. ಅವನು ಅದರ ಅಡಿಯಲ್ಲಿದ್ದ. ಮಳೆಯ ಮೊದಲ ಹೊಡೆತಕ್ಕೇ ಹೀಗಾಗಿರಬೇಕು ಎಂದು ಎಲ್ಲರೂ ಹೇಳಿದರು, ನೋಡಿದರೂ ಹಾಗೇ ಕಾಣುತ್ತಿತ್ತು. ನನ್ನ ತಗಡಿನ ಛತ್ರಿ ಗಳದ ಸಮೇತ ಕೊಂಬೆಗಳ ನಡುವೆ ನೀರಿನ ಕೆಳಗೆ ಸಿಕ್ಕಿತು. ಅದನ್ನು ಬಿಡಿಸಲು ಇಬ್ಬರು ಕುಡುಗೋಲು ಹಿಡಿದು ಕೊಂಬೆ ಕಡಿಯಬೇಕಾಯಿತು.

ಈಗ ನನ್ನ ಕಸುಬಿನವನಾಗಿ ಒಂದು ಮಾತು. ರೇಡಾರ್ ನೀರಿನೊಳಗೆ ನೋಡುವುದಿಲ್ಲ. ಒಂದು ಗೇಣು ನೀರು ಸಾಕು, ಅದರ ಕೆಳಗಿನ ಕಬ್ಬಿಣವೂ ಅದಕ್ಕೆ ಇಲ್ಲ. ಆ ತಗಡು ಸಂಜೆಯಿಂದ ಬೆಳಗಿನವರೆಗೆ ಜಾಲಿಯೊಳಗೆ ಸಿಕ್ಕಿಕೊಂಡೇ ಇತ್ತು. ಹಾಗಿದ್ದರೆ ನಡೆದುಬಂದದ್ದು ಏನು? ತೇಲುವ ಡ್ರಮ್ಮು ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಡ್ರಮ್ಮು ಸೆಳೆತಕ್ಕೆ ಅಡ್ಡ ಬರುವುದಿಲ್ಲ. ಸೇತುವೆಯ ಸುಳ್ಳು ಪ್ರತಿಬಿಂಬ ಇರಬಹುದು ಎಂದುಕೊಂಡೆ. ಅದು ಸೇತುವೆಯ ಕಡೆಯಿಂದ ಕಾಣಬೇಕಿತ್ತು, ಇದು ಬಂದದ್ದು ಇನ್ನೊಂದು ಕಡೆಯಿಂದ. ಸೆಟ್ಟೇ ಕೆಟ್ಟಿದೆ ಎನ್ನೋಣವೆಂದರೆ ಅದು ಈಗ ಕರಾವಳಿಯ ಒಂದು ಬೋಟಿನಲ್ಲಿದೆ. ತುಂಬ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಮಾಲೀಕರು ಫೋನ್ ಮಾಡಿ ಹೊಗಳಿದರು. ಹೊಗಳಿಕೆ ಕೇಳಿ ನನಗೆ ಚಳಿ ಬಂತು.

ಆಮೇಲಿನದ್ದು ಚಿಕ್ಕಪುಟ್ಟ ಸಂಗತಿಗಳು. ನನ್ನ ಸ್ಕೂಟರಿನ ಹಿಂದಿನ ಚಕ್ರದ ಗಾಳಿ ಪದೇ ಪದೇ ತಗ್ಗಿದಂತೆ ಅನಿಸುತ್ತದೆ, ಪಂಕ್ಚರ್ ಅಂಗಡಿಯವನು ನೋಡಿ ಗಾಳಿ ಸರಿಯಾಗಿಯೇ ಇದೆ ಎನ್ನುತ್ತಾನೆ. ಶೆಡ್ಡಿನಲ್ಲಿ ಸಂಜೆ ಯಾವುದಾದರೂ ಸೆಟ್ಟು ಹಾಕಿದಾಗ ಪರದೆಯ ನಟ್ಟನಡುವೆ ನೋಡಲು ನನಗೆ ಮನಸ್ಸಾಗುವುದಿಲ್ಲ. ಬಾತಿಯ ಮನೆಯಲ್ಲಿ ಹೆಂಡತಿ ಒಂದೆರಡು ಸಲ ಬಾಗಿಲಲ್ಲೇ ತಡೆದು ಗೊಣಗಿದಳು, ಯಾವ ರಸ್ತೆಯ ಡಾಂಬರು ತುಳಿದುಕೊಂಡು ಬಂದಿರಿ, ಚಪ್ಪಲಿ ಹೊರಗೇ ಬಿಡಿ ಎಂದು. ನಮ್ಮ ರಸ್ತೆಗೆ ಡಾಂಬರು ಹಾಕಿ ಎಷ್ಟೋ ವರ್ಷವಾಯಿತು. ಅವಳಿಗೆ ನಾನು ಏನೂ ಹೇಳಿಲ್ಲ.

ದಿನಕರ್ಮ ಮುಗಿದ ಮೇಲೆ ಹರಿಹರಕ್ಕೆ ಹೋಗಲು ಕಾಲೇ ಬರಲಿಲ್ಲ. ಚಳಿಗಾಲ ಶುರುವಾದ ಮೇಲೆ ಒಂದು ಸಂಜೆ ಹೋದೆ. ನಿಂಗಪ್ಪನ ಅಂಗಿ, ಫೋನು ನನ್ನ ಚೀಲದಲ್ಲೇ ಉಳಿದುಬಿಟ್ಟಿದ್ದವು, ಅವನ್ನು ಕೊಡಬೇಕಿತ್ತು. ಮಕ್ಕಳಿಗೆಂದು ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡಿದ್ದೆ. ದಾರಿಯಲ್ಲಿ ಕತ್ತಲಾಯಿತು. ರಸ್ತೆಯ ಮೇಲೆ ಸ್ಕೂಟರಿನಲ್ಲಿ ಹೋದವನು ನಾನು, ಹೊಳೆಗೆ ಇಳಿದಿರಲೇ ಇಲ್ಲ.

ಹನುಮಂತಣ್ಣ ಪೇಟೆಗೆ ಹೋಗಿದ್ದ. ಮಂಜವ್ವ ಬಾಗಿಲಿಗೆ ಬಂದಳು. ನನ್ನನ್ನು ನೋಡಿದಳು. ಆಮೇಲೆ ನನ್ನ ಎಡಮಗ್ಗುಲಿಗೆ ನೋಡಿದಳು, ನನಗಿಂತ ಒಂದು ಗೇಣು ಎತ್ತರಕ್ಕೆ. ನಿಂಗಪ್ಪ ನನಗಿಂತ ಅಷ್ಟೇ ಎತ್ತರ ಇದ್ದ.

ಒಳಗೆ ಹೋಗಿ ಬಿಸಿನೀರು ತಂದಳು. ನಾನು ಹೊಳೆಯಿಂದ ಬಂದಿಲ್ಲ ತಾಯಿ ಎನ್ನಬೇಕು ಅನಿಸಿತು, ಆದರೂ ಚಪ್ಪಲಿ ಬಿಟ್ಟೆ. ಕಲ್ಲಿನ ಮೇಲೆ ನಿಂತೆ. ನನ್ನ ಕಾಲಿಗೆ ನೀರು ಹಾಕಿದಳು. ತಂಬಿಗೆ ಮತ್ತೆ ತುಂಬಿಕೊಂಡಳು, ಒಂದು ಗಳಿಗೆ ಹಿಡಿದು ನಿಂತಳು, ಒಳಗೆ ಓದುತ್ತಿದ್ದ ಮಕ್ಕಳ ಕಡೆ ತಿರುಗಿದಳು. ಮತ್ತೆ ಅದೇ ರೀತಿ, ಸದ್ದಾಗದಂತೆ, ಬಕೆಟ್ಟಿಗೆ ಸುರಿದಳು.

“ನಮ್ಮನಿಯಾಗೆ ಆಗಲಿಲ್ಲ” ಎಂದಳು, ನನ್ನ ಮುಖ ನೋಡದೆ. “ನಿಮ್ಮನಿಯಾಗಾದ್ರೂ ಅವರ ಕಾಲಿಗೆ ನೀರು ಹಾಕ್ತೀರೇನ್ರಿ?”

ಪೊಟ್ಟಣ, ಅಂಗಿ, ಫೋನು ಹೊಸ್ತಿಲ ಮೇಲಿಟ್ಟು ಸ್ಕೂಟರ್ ಹತ್ತಿದೆ. ಹರಿಹರದಿಂದ ಬಾತಿಯವರೆಗೆ ಒಮ್ಮೆಯೂ ಕನ್ನಡಿ ನೋಡಲಿಲ್ಲ.

ಈಗ ನಮ್ಮ ಮನೆಯ ಬಾಗಿಲಾಚೆಯೂ ಒಂದು ಬಕೆಟ್ಟು, ಒಂದು ತಂಬಿಗೆ ಇರುತ್ತವೆ. ರಾತ್ರಿ ಬಂದವನು ನನ್ನ ಕಾಲಿಗೆ ನಾನೇ ಹಾಕಿಕೊಳ್ಳುತ್ತೇನೆ. 

ಆಮೇಲೆ ಇನ್ನೊಂದು ತಂಬಿಗೆ ತುಂಬಿಕೊಳ್ಳುತ್ತೇನೆ. ನಮ್ಮ ಮನೆಯಲ್ಲೂ ಒಳಗೆ ಮಗಳು ಮಲಗಿರುತ್ತಾಳೆ. ಹಾಕಲು ಕೈ ಬರುವುದಿಲ್ಲ. ನನ್ನ ಕೆಲಸಕ್ಕೆಂದು ಮಳೆಯಲ್ಲಿ ಹೋದವನನ್ನು ತಣ್ಣಗಿನ ಕಾಲಲ್ಲಿ ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಳ್ಳಲೂ ಮನಸ್ಸು ಬರುವುದಿಲ್ಲ. ತಂಬಿಗೆಯ ಬಿಸಿನೀರು ಆರುವವರೆಗೆ ಹಾಗೇ ನಿಂತಿರುತ್ತೇನೆ. ಆರಿದ ಮೇಲೆ ಬಕೆಟ್ಟಿಗೆ ಸುರಿದು ಒಳಗೆ ಹೋಗುತ್ತೇನೆ... ಚಿಲಕ ಹಾಕುವಾಗ ಪ್ರತಿ ರಾತ್ರಿಯೂ, ಹೊರಗೆ ಇಟ್ಟ ಆ ಖಾಲಿ ತಂಬಿಗೆಯ ಮೇಲೆ, ಯಾರೋ ಬೆರಳಿನಿಂದ ಎರಡು ಸಲ ಮೆಲ್ಲಗೆ ಬಡಿಯುತ್ತಾರೆ.